ಹೋಗುವ ಮೊದಲೇ ಬರುವ ತಾರೀಖು

ಗುಬ್ಬಿ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಜೆರಾಕ್ಸ್, ಪಹಣಿ, ಬೆಳೆ ವಿಮೆಯ ಅರ್ಜಿ, ಕರೆಂಟ್ ಬಿಲ್ಲು, ರೈಲಿನ ಟಿಕೆಟ್ಟು ನಮ್ಮ ದಿನನಿತ್ಯದ ಕಸುಬು. ಕೆಲವು ವರ್ಷಗಳಿಂದ ಆ ಪಟ್ಟಿಗೆ ಪಾಸ್‌ಪೋರ್ಟ್ ಅರ್ಜಿ, ವಿಮಾನದ ಟಿಕೆಟ್ಟು ಕೂಡ ಸೇರಿಕೊಂಡಿವೆ. ಮೊದಲ ಸಲ ವಿಮಾನ ಹತ್ತುವವರು ನನ್ನ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊದಲು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಹೋಗಾಕೆ ಮಾತ್ರ ಎಷ್ಟಾಯ್ತದೆ?"

ಪ್ರಶ್ನೆ ಸಹಜವಾದದ್ದೇ. ಗುಬ್ಬಿಯಿಂದ ತುಮಕೂರಿಗೆ ಹೋಗುವಾಗ ಯಾರೂ ಬರುವ ಟಿಕೆಟ್ಟನ್ನು ಮುಂಚೆಯೇ ತೆಗೆದುಕೊಳ್ಳುವುದಿಲ್ಲ. ಕೆಲಸ ಮುಗಿದಾಗ ಯಾವ ಬಸ್ಸು ಸಿಗುತ್ತದೋ ಅದಕ್ಕೆ ಬರುವುದು. ಧರ್ಮಸ್ಥಳಕ್ಕೆ ಹೋದರೂ ಅಷ್ಟೆ, ತಿರುಪತಿಗೆ ಹೋದರೂ ಅಷ್ಟೆ. ವಿದೇಶದ ಲೆಕ್ಕ ಬೇರೆ. ಕೆಲಸದ ವೀಸಾ, ಓದಿನ ವೀಸಾ ಇಲ್ಲದೆ ನೆಂಟರನ್ನು ನೋಡಲು, ಊರು ಸುತ್ತಲು ಹೋಗುವವರು ಹೊರಡುವ ಮೊದಲೇ ಬರುವ ತಾರೀಖನ್ನು ಹೇಳಬೇಕು. ಬಾಯಲ್ಲಿ ಹೇಳಿದರೆ ಸಾಲದು, ಕಾಗದ ತೋರಿಸಬೇಕು. ಊರಿಗೇ ವಾಪಸ್ ಬರಬೇಕೆಂದೇನೂ ಇಲ್ಲ, ಆ ದೇಶ ಬಿಟ್ಟು ಮುಂದಕ್ಕೆ ಎಲ್ಲಿಗಾದರೂ ಹೋಗುತ್ತೀರಿ ಎನ್ನುವ ಟಿಕೆಟ್ಟಾದರೂ ನಡೆಯುತ್ತದೆ. ಒಟ್ಟಿನಲ್ಲಿ 'ಬಂದವನು ಇಲ್ಲೇ ಉಳಿಯುವುದಿಲ್ಲ' ಎಂಬ ಪುರಾವೆ ಬೇಕು.

ಇದನ್ನು ಕೇಳುವವರು ಆ ದೇಶದ ಪೊಲೀಸರು ಎಂದು ಬಹಳ ಮಂದಿ ತಿಳಿದಿದ್ದಾರೆ. ಅವರೂ ಕೇಳಬಹುದು. ಆದರೆ ಮೊದಲು ಕೇಳುವುದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ನಿಮ್ಮ ಲಗೇಜಿನ ತೂಕ ನೋಡುವ ಹುಡುಗನೋ ಹುಡುಗಿಯೋ. ಅವರ ಮುಂದಿನ ಕಂಪ್ಯೂಟರಿನಲ್ಲಿ ಟಿಮ್ಯಾಟಿಕ್ ಎನ್ನುವ ಒಂದು ಮಾಹಿತಿಕೋಶದ ಉತ್ತರ ಬರುತ್ತದೆ. ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘದವರು ನಡೆಸುವ ಕೋಶ ಅದು. ಯಾವ ದೇಶದ ಪಾಸ್‌ಪೋರ್ಟಿನವರು ಯಾವ ದೇಶಕ್ಕೆ ಹೋಗಲು ಏನೇನು ಬೇಕು ಎನ್ನುವುದೆಲ್ಲ ಅದರಲ್ಲಿ ಇರುತ್ತದೆ. ಅಲ್ಲಿ ವಾಪಸ್ ಟಿಕೆಟ್ ಬೇಕು ಎಂದು ಬಂದರೆ ಕೌಂಟರಿನವರು ಕೇಳಿಯೇ ಕೇಳುತ್ತಾರೆ. ಇಲ್ಲ ಎಂದರೆ ಬೋರ್ಡಿಂಗ್ ಪಾಸ್ ಕೊಡುವುದಿಲ್ಲ. ಹಾರ ಹಾಕಿಸಿಕೊಂಡು ಬಂದವರು ಅಲ್ಲೇ ಒಂದು ಮೂಲೆಯಲ್ಲಿ ನಿಂತು, ಮೊಬೈಲಿನಲ್ಲಿ, ಆ ಹೊತ್ತಿಗೆ ಏರಿರುವ ದರದಲ್ಲಿ ಇನ್ನೊಂದು ಟಿಕೆಟ್ ಕೊಳ್ಳಬೇಕು.

ಕಂಪನಿಗಳಿಗೆ ಈ ಉಸಾಬರಿ ಯಾಕೆ? ಕಾರಣ ಹಳೆಯದು. 1944ರಲ್ಲಿ ಚಿಕಾಗೊದಲ್ಲಿ ನಾಗರಿಕ ವಿಮಾನಯಾನದ ಒಪ್ಪಂದವಾಯಿತು. ಅದರ ಒಂಬತ್ತನೆಯ ಅನುಬಂಧದ ಪ್ರಕಾರ ಯಾವುದಾದರೂ ದೇಶ ಪ್ರಯಾಣಿಕನನ್ನು ಒಳಗೆ ಬಿಡದಿದ್ದರೆ ಅವನನ್ನು ಕರೆತಂದ ಕಂಪನಿಯೇ ವಾಪಸ್ ಒಯ್ಯುವ ಏರ್ಪಾಡು ಮಾಡಬೇಕು. ದಾಖಲೆ ಸರಿಯಿಲ್ಲದವರನ್ನು ಕರೆತಂದರೆ ದಂಡವೂ ಉಂಟು. ನಮ್ಮ ದೇಶವೇ 2000ನೇ ಇಸವಿಯಲ್ಲಿ ಇದಕ್ಕೊಂದು ಕಾಯಿದೆ ಮಾಡಿ 1 ಲಕ್ಷ ರೂಪಾಯಿ ದಂಡ ಇಟ್ಟಿತ್ತು. 2025ರಲ್ಲಿ ಅದನ್ನೂ ವಿದೇಶಿಯರ ಕುರಿತ ಇನ್ನಿತರ ಹಳೆಯ ಕಾಯಿದೆಗಳನ್ನೂ ತೆಗೆದು ಒಂದೇ ಹೊಸ ಕಾಯಿದೆ ತಂದರು. ಭಾರತಕ್ಕೆ ಇ-ವೀಸಾದಲ್ಲಿ ಬರುವ ಪ್ರವಾಸಿಗಳಿಗೂ ವಾಪಸ್ ಅಥವಾ ಮುಂದಿನ ಪ್ರಯಾಣದ ಟಿಕೆಟ್ ಇರಬೇಕು, ಕೈಯಲ್ಲಿ ಖರ್ಚಿಗೆ ಹಣ ಇರಬೇಕು ಎಂದು ನಾವೇ ಬರೆದಿದ್ದೇವೆ. ಹಾಗಾಗಿ ಇದು ಬರೀ ಬೇರೆಯವರ ದರ್ಪ ಎಂದು ಬಯ್ಯಲು ಬರುವುದಿಲ್ಲ. ಬಾಗಿಲು ಕಾಯುವ ಕೆಲಸದಲ್ಲಿ ಒಂದು ಪಾಲನ್ನು ಎಲ್ಲ ಸರ್ಕಾರಗಳೂ ವಿಮಾನದವರ ಹೆಗಲಿಗೆ ಹಾಕಿವೆ.

ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಹೆಸರು ಈಗ ದೇಶಕ್ಕೆಲ್ಲ ಗೊತ್ತು. ಹಿಂದೂಸ್ತಾನ್ ಏರೋನಾಟಿಕ್ಸ್‌ನ ಹೆಲಿಕಾಪ್ಟರ್ ಕಾರ್ಖಾನೆಗೆ ಅಲ್ಲಿ 2016ರ ಜನವರಿ 3ರಂದು ಶಂಕುಸ್ಥಾಪನೆ ಆಯಿತು. 2023ರ ಫೆಬ್ರವರಿ 6ರಂದು ಪ್ರಧಾನಿ ನರೇಂದ್ರ ಮೋದಿ ಬಂದು ಉದ್ಘಾಟಿಸಿದರು. 615 ಎಕರೆ ಜಾಗ. ಮೊದಲು ವರ್ಷಕ್ಕೆ ಸುಮಾರು 30 ಹಗುರ ಹೆಲಿಕಾಪ್ಟರ್, ಆಮೇಲೆ 60, ಆಮೇಲೆ 90 ತಯಾರಿಸುವ ಯೋಜನೆ ಎಂದು ಆಗ ಹೇಳಿದ್ದರು. ಕಾವಲ್ ಅಂದರೆ ಕಾದಿಟ್ಟ ಹುಲ್ಲುಗಾವಲು. ಮೈಸೂರು ಸಂಸ್ಥಾನದಲ್ಲಿ ಅಮೃತಮಹಲ್ ದನಗಳಿಗೆಂದು ತುಮಕೂರು, ಹಾಸನ, ಚಿಕ್ಕಮಗಳೂರು, ಚಿತ್ರದುರ್ಗದ ಸೀಮೆಗಳಲ್ಲಿ ಇಂಥ ಕಾವಲುಗಳನ್ನು ಮೀಸಲಿಟ್ಟಿದ್ದರು. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ ದನದ ಹಿಂಡನ್ನು ಒಂದರಿಂದ ಒಂದಕ್ಕೆ ಹೊಡೆದುಕೊಂಡು ಹೋಗುವುದು, ಕಾಲ ತಿರುಗಿದಾಗ ಮತ್ತೆ ಕರೆತರುವುದು. ಹೋದ ಹಿಂಡು ಬರುತ್ತದೆ ಎನ್ನುವುದಕ್ಕೆ ಹುಲ್ಲು ಮಳೆಗಳೇ ಪುರಾವೆ.

ಆ ಕಡೆಯ ಅಕ್ಕ ಒಬ್ಬರು 2024ರ ಮಾರ್ಚಿನಲ್ಲಿ ನನ್ನ ಅಂಗಡಿಗೆ ಬಂದರು. ವಯಸ್ಸು 46. ಓದಿದ್ದು ಏಳನೇ ಕ್ಲಾಸು. ಮನೆಯಲ್ಲಿ ಎರಡು ಸೀಮೆಹಸು, ಒಂದಿಷ್ಟು ತೆಂಗು, ಮಳೆ ನಂಬಿದ ರಾಗಿ ಹೊಲ. ಮಗಳು ಅಳಿಯ ದುಬೈನಲ್ಲಿ. ಮಗಳಿಗೆ ಮೇ ತಿಂಗಳ ಮಧ್ಯದಲ್ಲಿ ದಿನ ಕೊಟ್ಟಿದ್ದರು. ಬಾಣಂತನಕ್ಕೆ ಅಮ್ಮ ಹೋಗಬೇಕು. ಪಾಸ್‌ಪೋರ್ಟನ್ನು ನಾನೇ ಅರ್ಜಿ ಹಾಕಿ ಮಾಡಿಸಿಕೊಟ್ಟಿದ್ದೆ.

"ಹೋಗಾಕೆ ಮಾತ್ರ ಮಾಡಪ್ಪ. ಬರಾದು ಆಮೇಲೆ ನೋಡ್ಕಂಡ್ರಾಯ್ತು" ಅಂದರು.

"ಬರೋದೂ ಈಗ್ಲೇ ಮಾಡ್ಬೇಕು ಕಣಕ್ಕ."

"ಅದೆಂಗೆ? ಹೆರಿಗೆ ಯಾವತ್ತಾಯ್ತದೋ ದೇವ್ರಿಗೇ ಗೊತ್ತು. ಬಾಣಂತನಕ್ಕೆ ತಾರೀಖು ಹಾಕಾಕಾಯ್ತದಾ?"

ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಯಮ ಮಾತ್ರ ಇತ್ತು, ಅದೂ ಎರಡು ಕಡೆಯದು. ದುಬೈಗೆ ಭೇಟಿಯ ವೀಸಾದಲ್ಲಿ ಹೋಗುವವರು ವಾಪಸ್ ಟಿಕೆಟ್ ಇಟ್ಟುಕೊಂಡಿರಬೇಕು ಎನ್ನುವುದು ಒಂದು. ಇನ್ನೊಂದು ನಿಯಮ ನಮ್ಮದೇ ದೇಶದ್ದು, ಬಹಳ ಜನಕ್ಕೆ ಗೊತ್ತಿಲ್ಲದ್ದು.

ಹತ್ತನೇ ಕ್ಲಾಸು ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂಬ ಅಚ್ಚು ಇರುತ್ತದೆ. 'ಎಮಿಗ್ರೇಷನ್ ಚೆಕ್ ರಿಕ್ವೈರ್ಡ್', ಅಂದರೆ ವಲಸೆ ತಪಾಸಣೆ ಆಗಬೇಕಾದವರು ಎಂದು ಅರ್ಥ. 1983ರ ವಲಸೆ ಕಾಯಿದೆಯಿಂದ ಬಂದದ್ದು. ಗಲ್ಫ್ ದೇಶಗಳು, ಮಲೇಷ್ಯಾ, ಥಾಯ್ಲೆಂಡ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಇವರು ಸರ್ಕಾರದ ಅನುಮತಿ ಪಡೆಯಬೇಕು. ಓದು ಬರಹ ಕಡಿಮೆ ಇರುವವರನ್ನು ಏಜೆಂಟರು ಮಾರಿಬಿಡಬಾರದು, ಸಂಬಳ ಕೊಡದೆ ದುಡಿಸಿಕೊಳ್ಳಬಾರದು ಎನ್ನುವ ಒಳ್ಳೆಯ ಉದ್ದೇಶದ ನಿಯಮ. ಕೆಲಸಕ್ಕಲ್ಲದೆ ಬರೀ ನೋಡಲು ಹೋಗುವವರಿಗೆ ಆ ಅನುಮತಿ ಬೇಡ. 2007ರ ಅಕ್ಟೋಬರ್‌ನಿಂದ ಅವರು ಪಾಸ್‌ಪೋರ್ಟು, ವೀಸಾ ಮತ್ತು ವಾಪಸ್ ಟಿಕೆಟ್ ತೋರಿಸಿದರೆ ಸಾಕು. ಹತ್ತನೇ ಕ್ಲಾಸು ಪಾಸಾದವರನ್ನು, ಆದಾಯ ತೆರಿಗೆ ಕಟ್ಟುವವರನ್ನು, 50 ವರ್ಷ ದಾಟಿದವರನ್ನು ಇದಕ್ಕೆ ಸೇರಿಸುವುದಿಲ್ಲ.

ಇದನ್ನೆಲ್ಲ ನಿಧಾನವಾಗಿ ಬಿಡಿಸಿ ಹೇಳಿದೆ. ಅಕ್ಕ ಕೇಳಿಸಿಕೊಂಡು, "ಅಂದ್ರೆ ನಂಗೆ ಇನ್ನೊಂದು ನಾಕು ವರ್ಷ ಆಗಿದ್ರೆ ನಂಬ್ತಿದ್ರಾ?" ಅಂದರು. ಆಮೇಲೆ ಅವರೇ ನಕ್ಕರು. "ಹಸ ಎರಡವೆ, ಹೊಲ ಐತೆ, ನಿಮ್ಮಾವ ಅವ್ರೆ. ಇವನ್ನೆಲ್ಲ ಬಿಟ್ಟು ನಾನು ದುಬೈನಾಗೆ ಕೂತ್ಕಂಡು ಏನ್ ಮಾಡ್ಲಿ? ನಾನು ಬರಲ್ಲ ಅಂತ ಅನುಮಾನ ಯಾಕೆ ಅವ್ರಿಗೆ?"

ನಮ್ಮ ಭಾಷೆಯಲ್ಲಿ 'ಹೋಗ್ತೀನಿ' ಎಂದು ಹೇಳಿ ಮನೆಯಿಂದ ಹೊರಡುವುದು ಅಪಶಕುನ. 'ಹೋಗ್ಬರ್ತೀನಿ' ಎನ್ನಬೇಕು. ಬಾಯಿತಪ್ಪಿ ಮಕ್ಕಳು 'ಹೋಗ್ತೀನಿ' ಅಂದರೆ ಅಜ್ಜಿಯರು ಬಾಗಿಲಲ್ಲೇ ತಡೆದು ತಿದ್ದಿಸುತ್ತಾರೆ. ಹೋಗುವ ಮಾತಿನ ಒಳಗೇ ಬರುವ ಮಾತನ್ನು ಕಟ್ಟಿ ಕಳಿಸುವ ಜನ ನಾವು. ಅಕ್ಕ ಹುಟ್ಟಿದಾಗಿನಿಂದ ಹಾಗೆ ಹೇಳಿಯೇ ಎಲ್ಲಿಗಾದರೂ ಹೋದವರು. ಆ ಮಾತನ್ನು ಈಗ ಪ್ರಿಂಟ್ ತೆಗೆದು, ಪಿಎನ್‌ಆರ್ ನಂಬರು ಹಾಕಿ ತೋರಿಸಿ ಎಂದರೆ ಅವರಿಗೆ ಬೇಜಾರಾಗಿದ್ದು ನಿಜ.

ತಾರೀಖು ಗೊತ್ತು ಮಾಡಲು ನಾವಿಬ್ಬರೂ ಅರ್ಧ ಗಂಟೆ ಕೂತೆವು. ವೀಸಾ 60 ದಿನದ್ದು. ಬರುವ ಟಿಕೆಟ್ಟು ಆ 60 ದಿನದ ಒಳಗೇ ಇರಬೇಕು, ಇಲ್ಲದಿದ್ದರೆ ಇದ್ದೂ ಇಲ್ಲದ ಹಾಗೆ. ಏಪ್ರಿಲ್ 26ಕ್ಕೆ ನಮ್ಮಲ್ಲಿ ಲೋಕಸಭೆ ಚುನಾವಣೆ. "ವೋಟು ಹಾಕೇ ಹೋಗಾದು" ಅಂದರು. ಮಂಗಳವಾರ ಬೇಡ. ಅಮಾವಾಸ್ಯೆಯ ಆಸುಪಾಸು ಬೇಡ. ಬರುವುದು ಆರಿದ್ರಾ ಮಳೆಯ ಹೊತ್ತಿಗೆ ಆಗಬೇಕು, ರಾಗಿ ಬಿತ್ತನೆಗೆ ಹೊಲ ಹದ ಮಾಡಿಸಬೇಕು. ಕೊನೆಗೆ ಮೇ 5ರ ಭಾನುವಾರ ಹೋಗುವುದು, ಜೂನ್ 30ರ ಭಾನುವಾರ ಬರುವುದು ಎಂದಾಯಿತು. ಜೂನ್ ಕೊನೆಗೆ ಗಲ್ಫಿನಲ್ಲಿ ಶಾಲೆಗಳಿಗೆ ಬೇಸಿಗೆ ರಜೆ, ಎಲ್ಲರೂ ಊರಿಗೆ ಹೊರಡುತ್ತಾರೆ, ಟಿಕೆಟ್ ದರ ಮರ ಹತ್ತಿರುತ್ತದೆ. ಹೋಗುವುದು ಬರುವುದು ಒಟ್ಟಿಗೆ ಮಾಡಿದ್ದರಿಂದ ದುಡ್ಡೇನೋ ಉಳಿಯಿತು. ಆದರೆ ತಾರೀಖು ಬದಲಿಸಬೇಕಾದರೆ ಬದಲಾವಣೆಯ ಶುಲ್ಕದ ಜೊತೆಗೆ ಆ ದಿನದ ದರದ ವ್ಯತ್ಯಾಸವನ್ನೂ ಕಟ್ಟಬೇಕು ಎಂದು ಎರಡೆರಡು ಸಲ ಹೇಳಿದೆ. ಟಿಕೆಟ್ಟಿನ ಪ್ರಿಂಟನ್ನು ಎರಡು ಪ್ರತಿ ತೆಗೆದು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಟ್ಟೆ.

ಅವರು ಹೋದ ತಿಂಗಳಲ್ಲೇ ಸುದ್ದಿ ಬಂತು. ಭೇಟಿಯ ವೀಸಾದಲ್ಲಿ ದುಬೈಗೆ ಹೊರಟ ಭಾರತೀಯರನ್ನು ತಪಾಸಣೆ ಮಾಡುವುದು ಬಿಗಿಯಾಗಿದೆ, ವಾಪಸ್ ಟಿಕೆಟ್, ಇಳಿದುಕೊಳ್ಳುವ ಜಾಗದ ವಿವರ, 3,000 ದಿರ್ಹಮ್‌ನಷ್ಟು ಹಣ ತೋರಿಸದ ಕೆಲವರು ವಿಮಾನ ಹತ್ತಲಾಗಲಿಲ್ಲ ಎಂದು. 3,000 ದಿರ್ಹಮ್ ಅಂದರೆ ಆಗಿನ ಲೆಕ್ಕದಲ್ಲಿ 68,000 ರೂಪಾಯಿಯ ಹತ್ತಿರ. ಅಕ್ಕನನ್ನು ದೇವನಹಳ್ಳಿಯಲ್ಲಿ ಎರಡು ಕಡೆ ಕೇಳಿದರಂತೆ. ಲಗೇಜಿನ ಕೌಂಟರಿನಲ್ಲೊಮ್ಮೆ, ಪಾಸ್‌ಪೋರ್ಟಿಗೆ ಸೀಲು ಹಾಕುವ ಕಡೆ ಇನ್ನೊಮ್ಮೆ. ಎರಡೂ ಕಡೆ ಪ್ಲಾಸ್ಟಿಕ್ ಕವರನ್ನು ಎತ್ತಿ ತೋರಿಸಿದರಂತೆ. ರಾಗಿ ಹಿಟ್ಟು, ಒಣಕೊಬ್ಬರಿ, ಬಾಣಂತಿಗೆ ಅಂಟಿನುಂಡೆ ತುಂಬಿದ ಚೀಲವನ್ನು ಯಾರೂ ಕೇಳಲಿಲ್ಲ ಎಂದು ಅವರಿಗೆ ಆಶ್ಚರ್ಯ. ಎಂಟು ವಾರಕ್ಕೆ ಆಗುವಷ್ಟೇ ಹಿಟ್ಟು ಒಯ್ದವರು ಎಂಟು ವಾರಕ್ಕೆ ಬರುತ್ತಾರೆ ಎಂದು ನೋಡಿದರೇ ಗೊತ್ತಾಗಬೇಕಿತ್ತು.

ಮಗು ದಿನ ತುಂಬಿದ ಮೇಲೂ ಒಂದು ವಾರ ತಡಮಾಡಿ ಮೇ 23ಕ್ಕೆ ಹುಟ್ಟಿತು. ಜೂನ್ 30ಕ್ಕೆ ಅದಕ್ಕೆ 38 ದಿನ. ನಮ್ಮ ಕಡೆ ಬಾಣಂತನ ಎಂದರೆ ಮೂರು ತಿಂಗಳು, ಐದು ತಿಂಗಳು. ಏನಿಲ್ಲವೆಂದರೂ ನಲವತ್ತು ದಿನ ತುಂಬುವ ತನಕ ತಾಯಿ ಮಗುವನ್ನು ಬಿಟ್ಟು ಕದಲುವುದಿಲ್ಲ. ಅಳಿಯ ಅಲ್ಲಿಂದ ನನಗೆ ಫೋನ್ ಮಾಡಿ ಎರಡು ದಿನ ಮುಂದಕ್ಕೆ ಹಾಕಿದರೆ ಎಷ್ಟಾಗುತ್ತದೆ ಎಂದು ಕೇಳಿದರು. ಲೆಕ್ಕ ಹಾಕಿ ಹೇಳಿದೆ. ಮೊದಲು ಕೊಟ್ಟ ಎರಡೂ ಕಡೆಯ ಟಿಕೆಟ್ಟಿಗಿಂತ ಹೆಚ್ಚು ಇತ್ತು. ಆ ಮನೆಯ ಬಾಡಿಗೆ, ಆಸ್ಪತ್ರೆಯ ಖರ್ಚು ನನಗೆ ಗೊತ್ತಿರಲಿಲ್ಲವಾದರೂ ಫೋನಿನ ಆ ಕಡೆಯ ಮೌನದಲ್ಲಿ ಅರ್ಥವಾಯಿತು. ಅಕ್ಕ ಜೂನ್ 30ಕ್ಕೇ ಬಂದರು.

ಅಂಗಡಿಗೆ ಬಂದು ಖರ್ಜೂರದ ಪೊಟ್ಟಣ ಕೊಟ್ಟು, "ಎರಡು ದಿನ ಕಣಪ್ಪ. ಎರಡೇ ದಿನ" ಅಂದರು. ಬೇರೇನೂ ಹೇಳಲಿಲ್ಲ.

ಅದೇ ವರ್ಷದ ಕೊನೆಯಲ್ಲಿ ಇನ್ನೊಬ್ಬ ಬಂದ. ಡಿಪ್ಲೊಮಾ ಓದಿದ ಹುಡುಗ, 23 ವರ್ಷ. ಹತ್ತನೇ ಕ್ಲಾಸು ದಾಟಿದವನಾದ್ದರಿಂದ ಅವನ ಪಾಸ್‌ಪೋರ್ಟಿನಲ್ಲಿ ಆ ಅಚ್ಚು ಇಲ್ಲ. ಬ್ಯಾಂಕಾಕಿಗೆ ಒಂದೇ ಕಡೆಯ ಟಿಕೆಟ್ ಬೇಕೆಂದ. ಥಾಯ್ಲೆಂಡ್ 2023ರ ನವೆಂಬರಿನಿಂದ ಭಾರತೀಯರಿಗೆ ವೀಸಾ ಇಲ್ಲದೆ 30 ದಿನ ಬಿಡುತ್ತಿತ್ತು, 2024ರ ಜುಲೈನಿಂದ ಅದನ್ನು 60 ದಿನ ಮಾಡಿತ್ತು. ವಾಪಸ್ ಟಿಕೆಟ್ ಬೇಕಾಗುತ್ತದೆ ಎಂದೆ. ಅವನಿಗೆ ಆಗಲೇ ಗೊತ್ತಿತ್ತು.

"ಡಮ್ಮಿ ಮಾಡ್ಕೊಡಣ್ಣ. ನಮ್ ಏಜೆಂಟ್ರು ಹೇಳವ್ರೆ, ಐನೂರು ರೂಪಾಯ್ಗೆ ಆಗುತ್ತಂತೆ."

ಡಮ್ಮಿ ಟಿಕೆಟ್ ಅಂದರೆ ಏನೆಂದು ಹೇಳಿಬಿಡುತ್ತೇನೆ. ವಿಮಾನದ ಸೀಟನ್ನು ಹಣ ಕಟ್ಟದೆ ಒಂದೆರಡು ದಿನ ಹಿಡಿದಿಡುವ ವ್ಯವಸ್ಥೆ ಏಜೆಂಟರಿಗೆ ಇರುತ್ತದೆ. ಹಿಡಿದಿಟ್ಟ ಕೂಡಲೇ ಪಿಎನ್‌ಆರ್ ಬರುತ್ತದೆ. ಕಂಪನಿಯ ವೆಬ್‌ಸೈಟಿನಲ್ಲಿ ಹೆಸರೂ ತೋರಿಸುತ್ತದೆ. ಗಡುವು ಮುಗಿದ ಮೇಲೆ ತಾನಾಗಿ ಕರಗಿ ಹೋಗುತ್ತದೆ. ಈ ನಡುವಿನ ಗಳಿಗೆಯಲ್ಲಿ ಕೌಂಟರ್ ದಾಟಿಬಿಟ್ಟರೆ ಕೆಲಸ ಆಯಿತು. ಇನ್ನು ಕೆಲವರು ಅಷ್ಟೂ ಮಾಡುವುದಿಲ್ಲ, ಹಳೆಯ ಟಿಕೆಟ್ಟಿನ ಪಿಡಿಎಫ್‌ನಲ್ಲಿ ಹೆಸರು ತಾರೀಖು ತಿದ್ದಿ ಕೊಡುತ್ತಾರೆ. ಅದು ನೇರವಾಗಿ ಸುಳ್ಳು ದಾಖಲೆ. ಸಿಕ್ಕಿಬಿದ್ದರೆ ಅನುಭವಿಸುವುದು ಪ್ರಯಾಣಿಕ.

ಒಂದೇ ಕಡೆಯ ಟಿಕೆಟ್ಟಿನಲ್ಲಿ ಹೋಗುವ ಪ್ರಾಮಾಣಿಕ ಪ್ರವಾಸಿಗಳೂ ಇದ್ದಾರೆ. ಎಷ್ಟು ದಿನ ಎಲ್ಲಿರುತ್ತೇವೆಂದು ಅವರಿಗೇ ಗೊತ್ತಿರುವುದಿಲ್ಲ. ಅವರಿಗೆ ನಾನು ಹೇಳುವ ದಾರಿಗಳು ಇಷ್ಟು: ರದ್ದು ಮಾಡಿದರೆ ಪೂರ್ತಿ ಹಣ ವಾಪಸ್ ಬರುವ ದರದಲ್ಲಿ ಬರುವ ಟಿಕೆಟ್ ತೆಗೆದುಕೊಳ್ಳಿ. ಇಲ್ಲವೇ ತಾರೀಖು ಬದಲಿಸಲು ಅವಕಾಶ ಇರುವುದನ್ನು ತೆಗೆದುಕೊಳ್ಳಿ. ಅದೂ ದುಬಾರಿಯಾದರೆ ಪಕ್ಕದ ದೇಶಕ್ಕೆ, ಬ್ಯಾಂಕಾಕಿನಿಂದ ಕೌಲಾಲಂಪುರಕ್ಕೋ ಇನ್ನೆಲ್ಲಿಗೋ, ಕಡಿಮೆ ದರದ ಟಿಕೆಟ್ ನೋಡಿ. ಆದರೆ ಆ ದೇಶ ನಿಮ್ಮನ್ನು ಒಳಗೆ ಬಿಡುವಂತಿರಬೇಕು. ಬಸ್ಸಿನ ಟಿಕೆಟ್ ತೋರಿಸಿದರೆ ಒಪ್ಪುವ ಕೌಂಟರೂ ಉಂಟು, ಒಪ್ಪದ್ದೂ ಉಂಟು, ಅದನ್ನು ನಂಬಿ ಹೋಗಬೇಡಿ. ಈ ಎಲ್ಲ ದಾರಿಗೂ ಸ್ವಲ್ಪ ದುಡ್ಡು ಬೇಕು. ಆದರೆ ತೋರಿಸಿದ ಕಾಗದದ ಹಿಂದೆ ನಿಜವಾಗಿಯೂ ಒಂದು ಸೀಟು ಇರುತ್ತದೆ.

ಹುಡುಗ ಪ್ರವಾಸಿಯಾಗಿರಲಿಲ್ಲ. ಕೆಲಸ ಏನೆಂದು ಕೇಳಿದೆ. ಡೇಟಾ ಎಂಟ್ರಿ, ತಿಂಗಳಿಗೆ ಎಂಬತ್ತು ಸಾವಿರ ಅಂದ. ಕಂಪನಿ ಯಾವುದೆಂದರೆ ಅಲ್ಲಿಗೆ ಹೋದ ಮೇಲೆ ಹೇಳುತ್ತಾರಂತೆ. ಪತ್ರ ಕೊಟ್ಟಿದ್ದಾರಾ ಎಂದರೆ ಮೊಬೈಲಿನಲ್ಲಿ ಒಂದು ಮೆಸೇಜು ತೋರಿಸಿದ. ಹೋಗುವ ಟಿಕೆಟ್ಟಿನ ಹಣ ಏಜೆಂಟರು ವಾಪಸ್ ಕೊಡುತ್ತಾರಂತೆ, ಬರುವುದಕ್ಕೆ ಮಾತ್ರ ಡಮ್ಮಿ ಸಾಕೆಂದಿದ್ದಾರಂತೆ. ನನಗೆ ಚುಚ್ಚಿದ್ದು ಇದೇ. ಕೆಲಸ ಕೊಡುವವನು ಹೋಗುವುದಕ್ಕೆ ದುಡ್ಡು ಹಾಕಲು ತಯಾರಿದ್ದಾನೆ, ಬರುವುದಕ್ಕೆ ಐನೂರು ರೂಪಾಯಿಯ ಸುಳ್ಳು ಸಾಕು ಎನ್ನುತ್ತಾನೆ.

ಥಾಯ್ಲೆಂಡಿಗೆಂದು ಪ್ರವಾಸಿಗಳ ಹಾಗೆ ಕರೆಸಿಕೊಂಡು, ಅಲ್ಲಿಂದ ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿಯ ಕಡೆಯ ಸೈಬರ್ ವಂಚನೆಯ ಅಡ್ಡೆಗಳಲ್ಲಿ ಕೂಡಿಹಾಕುವ ವಿಷಯ ಆಗಲೇ ಪತ್ರಿಕೆಗಳಲ್ಲಿ ಬರುತ್ತಿತ್ತು. ನಮ್ಮ ವಿದೇಶಾಂಗ ಸಚಿವಾಲಯವೂ ಎಚ್ಚರಿಕೆ ಕೊಟ್ಟಿತ್ತು. ಅವನಿಗೆ ತೋರಿಸಿದೆ. ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರು ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು, ಇ-ಮೈಗ್ರೇಟ್ ಪೋರ್ಟಲಿನಲ್ಲಿ ಪಟ್ಟಿ ಇರುತ್ತದೆ. ಅವನ ಏಜೆಂಟನ ಹೆಸರು ಹುಡುಕಿದೆವು, ಸಿಗಲಿಲ್ಲ.

"ಎಲ್ಲಾರೂ ಹಿಂಗೇ ಹೆದರಿಸ್ತಾರಣ್ಣ. ನೀನು ಮಾಡ್ಕೊಡಲ್ಲ ಅಂದ್ರೆ ತುಮಕೂರಲ್ಲಿ ಮಾಡಿಸ್ಕೊಳ್ತೀನಿ" ಅಂದ.

"ನಿಜವಾದ ವಾಪಸ್ ಟಿಕೆಟ್ ಬೇಕಾದ್ರೆ ಮಾಡ್ಕೊಡ್ತೀನಿ. ಡಮ್ಮಿ ಮಾಡಲ್ಲ. ನಿಮ್ಮಪ್ಪನ್ನ ಒಂದ್ಸಲ ಕರ್ಕೊಂಡು ಬಾ" ಅಂದೆ. ಎದ್ದು ಹೋದ. ಆ ಸಂಜೆ ಅವನ ಅಪ್ಪನಿಗೆ ನಾನೇ ಫೋನ್ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಗಿರಾಕಿಯ ವಿಷಯವನ್ನು ಮನೆಯವರಿಗೆ ಹೇಳಬಹುದೇ ಎಂದು ಯಾರಾದರೂ ಕೇಳಬಹುದು. ಊರಿನಲ್ಲಿ ಅಂಗಡಿ ಇಟ್ಟವರಿಗೆ ಗಿರಾಕಿ ಬೇರೆ, ಊರಿನ ಹುಡುಗ ಬೇರೆ ಎಂದು ಗೆರೆ ಎಳೆಯಲು ಆಗುವುದಿಲ್ಲ.

2025ರ ಮಾರ್ಚ್ 10 ಮತ್ತು 11ರಂದು ವಾಯುಪಡೆಯ ವಿಮಾನಗಳಲ್ಲಿ ಥಾಯ್ಲೆಂಡಿನ ಮೇ ಸೋಟ್‌ನಿಂದ 549 ಭಾರತೀಯರನ್ನು ಕರೆತಂದರು. ಎಲ್ಲ ಟಿವಿಗಳಲ್ಲೂ ಬಂತು. ಪ್ರವಾಸಿಗಳ ಹಾಗೆ ಹೊರಟ ಅವರಲ್ಲಿ ಬಹಳ ಮಂದಿಯ ಕೈಯಲ್ಲೂ ಬರುವ ತಾರೀಖಿನ ಒಂದು ಕಾಗದ ಇದ್ದಿರಬೇಕು ಎಂದು ನಾನು ಆ ಚಿತ್ರಗಳನ್ನು ನೋಡುತ್ತಾ ಯೋಚಿಸಿದೆ. ಕೌಂಟರಿನವರು ನೋಡಿರುತ್ತಾರೆ, ಟಿಮ್ಯಾಟಿಕ್ ಹೇಳಿದ್ದೆಲ್ಲ ಸರಿ ಇದೆ ಎಂದು ಬಿಟ್ಟಿರುತ್ತಾರೆ. ಅದಾದ ಒಂದು ವಾರಕ್ಕೆ ಆ ಹುಡುಗ ಅಂಗಡಿಗೆ ಬಂದ. ಅಂಕಪಟ್ಟಿಯ ಜೆರಾಕ್ಸ್ ಮಾಡಿಸಿದ. ವಸಂತನರಸಾಪುರದ ಕಾರ್ಖಾನೆಯೊಂದಕ್ಕೆ ಅರ್ಜಿ ಹಾಕುತ್ತಾನಂತೆ. ಬ್ಯಾಂಕಾಕಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎಂಟು ರೂಪಾಯಿ ಕೊಟ್ಟು ಹೋದ.

ಈ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು. ಬಂದೇ ಬರುವ ಅಕ್ಕನನ್ನು ನಿಯಮ ಎರಡು ಕಡೆ ನಿಲ್ಲಿಸಿ ಕೇಳಿತು, ಎರಡು ದಿನದ ಬಾಣಂತನವನ್ನು ಕಿತ್ತುಕೊಂಡಿತು. ವಾಪಸ್ ಬರಲಾಗದ ಕಡೆಗೆ ಹೊರಟಿದ್ದ ಹುಡುಗನನ್ನು ಒಂದು ಡಮ್ಮಿ ಕಾಗದ ನೋಡಿ ಬಿಟ್ಟುಬಿಡುತ್ತಿತ್ತು. ಇನ್ನು ಓದಲು ಅಮೆರಿಕಕ್ಕೋ ಜರ್ಮನಿಗೋ ಹೋಗುವ ಮಕ್ಕಳು ನನ್ನಲ್ಲಿ ಒಂದೇ ಕಡೆಯ ಟಿಕೆಟ್ ಮಾಡಿಸುತ್ತಾರೆ, ಎರಡು ದೊಡ್ಡ ಸೂಟ್‌ಕೇಸು ತೆಗೆದುಕೊಂಡು ಹೋಗುತ್ತಾರೆ. ಅವರ ವೀಸಾ ಬೇರೆ, ಅವರನ್ನು ಕೌಂಟರಿನಲ್ಲಿ ವಾಪಸ್ ಟಿಕೆಟ್ ಎಲ್ಲಿ ಎಂದು ಕೇಳುವುದಿಲ್ಲ. ಅವರಲ್ಲಿ ಬಹಳಷ್ಟು ಮಂದಿ ಊರಿಗೆ ವಾಪಸ್ ಬಂದು ನೆಲೆಸಿದ್ದನ್ನು ನಾನಿನ್ನೂ ನೋಡಿಲ್ಲ. ಇದನ್ನು ದೂರು ಎಂದು ಹೇಳುತ್ತಿಲ್ಲ. ಕಾಗದ ಯಾರನ್ನು ಕೇಳುತ್ತದೆ, ಯಾರನ್ನು ಕೇಳುವುದಿಲ್ಲ ಎನ್ನುವುದನ್ನು ಕಾಗದ ಮಾಡಿಕೊಡುವವನಾಗಿ ಗಮನಿಸಿದ್ದೇನೆ, ಅಷ್ಟೆ.

ಬರುವ ಟಿಕೆಟ್ಟಿಗೆ ಒಂದು ಕಾಲದಲ್ಲಿ ಇನ್ನೊಂದು ಅರ್ಥ ಇತ್ತು. 1879ರಿಂದ 1916ರವರೆಗೆ ಕಬ್ಬಿನ ತೋಟದ ಕೂಲಿಗೆಂದು 60 ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಫಿಜಿಗೆ ಹಡಗಿನಲ್ಲಿ ಒಯ್ದರು. 1903ರ ನಂತರ ಮದ್ರಾಸಿನಿಂದಲೂ ಹಡಗುಗಳು ಹೊರಟವು. ಐದು ವರ್ಷದ ಕರಾರು. ಒಟ್ಟು ಹತ್ತು ವರ್ಷ ಅಲ್ಲಿದ್ದರೆ ಊರಿಗೆ ಬರುವ ಹಡಗಿನ ಖರ್ಚು ಸರ್ಕಾರದ್ದು ಎಂದು ಕರಾರಿನಲ್ಲೇ ಇತ್ತು. ಆ ವ್ಯವಸ್ಥೆ ಎಷ್ಟು ಕ್ರೂರವಾಗಿತ್ತೆಂದು ಎಲ್ಲರಿಗೂ ಗೊತ್ತು. ಎಷ್ಟೋ ಮಂದಿ ವಾಪಸ್ ಬರಲೇ ಇಲ್ಲ. ಆದರೂ ಬರುವ ದಾರಿಯ ಖರ್ಚು ಹೋಗುವವನಿಗೆ ಕೊಟ್ಟ ಮಾತಾಗಿತ್ತು, ಅವನು ಕೇಳಿ ಪಡೆಯಬಹುದಾದ ಹಕ್ಕಾಗಿತ್ತು. ಈಗ ಅದೇ ಟಿಕೆಟ್ಟು ಹೋಗುವವನು ತನ್ನ ದುಡ್ಡಿನಲ್ಲಿ ಕೊಂಡು ತೋರಿಸಬೇಕಾದ ಜಾಮೀನಾಗಿದೆ.

ಅಕ್ಕನ ಮಗಳು ಈ ಸಲ ಮಗುವನ್ನು ಕರೆದುಕೊಂಡು ಊರಿಗೆ ಬಂದಿದ್ದಳು. ಗುಬ್ಬಿ ಚನ್ನಬಸವೇಶ್ವರ ಸ್ವಾಮಿಯ ಜಾತ್ರೆ ಮುಗಿಸಿಕೊಂಡು ಹೋಗುವುದೆಂದು ತೀರ್ಮಾನ. ಟಿಕೆಟ್ಟನ್ನು ಅಲ್ಲಿಯೇ ಮಾಡಿಸಿದ್ದರು, ಪ್ರಿಂಟ್ ತೆಗೆಸಲು ಅಕ್ಕ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಅಂಗಡಿಗೆ ಬಂದರು. ಮಗುವಿನ ಹೆಸರಿನ ಟಿಕೆಟ್ಟಿನಲ್ಲಿ ದುಬೈನಿಂದ ಬೆಂಗಳೂರಿಗೆ ಹೋಗುವುದು, ಬೆಂಗಳೂರಿನಿಂದ ದುಬೈಗೆ ಬರುವುದು ಎಂದಿತ್ತು. ಮೂರು ವಾರದ ಅಂತರ. ನಾನು ಓದಿ ಹೇಳಿದೆ.

"ನಮ್ಮೂರಿಗೆ ಬರಾಕೂ ವಾಪಸ್ ಟಿಕೇಟ್ ತಗಂಡೇ ಬಂದವ್ಳೆ ಕಣಪ್ಪ ಇವ್ಳು" ಎಂದು ಅಕ್ಕ ಮಗುವಿನ ಕೆನ್ನೆ ಹಿಂಡಿದರು. ಆಮೇಲೆ ಪ್ರಿಂಟನ್ನು ಮಡಿಸಿ, ಹಳೆಯ ಅದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು, "ಹೋಗ್ಬರ್ತೀನಿ ಅನ್ನು ಮಾವಂಗೆ" ಎಂದು ಮಗುವಿನ ಕೈಯನ್ನು ತಾವೇ ಹಿಡಿದು ಆಡಿಸಿದರು.